ಆಡದೆ ಬಿಟ್ಟ ಪಂದ್ಯ

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಋತು ಮುಗಿದ ಮೇಲೆ, ಹೊಸವರ್ಷದ ಹೊತ್ತಿಗೆ, ಹೆಸರು ಮಾಡಿದ ತಂಡಗಳನ್ನು ಕರೆಸಿ ‘ಬೌಲ್’ ಪಂದ್ಯ ಆಡಿಸುತ್ತಾರೆ. 1948ರ ಜನವರಿ 1ರಂದು ಡಲ್ಲಾಸ್‌ನಲ್ಲಿ ನಡೆದ ಕಾಟನ್ ಬೌಲ್‌ನಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ತಂಡದ ವ್ಯಾಲೇಸ್ ಟ್ರಿಪ್ಲೆಟ್ ಮತ್ತು ಡೆನಿಸ್ ಹೊಗಾರ್ಡ್ ಕಣಕ್ಕಿಳಿದರು. ಕಾಟನ್ ಬೌಲ್‌ನಲ್ಲಿ ಕಪ್ಪು ಆಟಗಾರರು ಆಡಿದ್ದು ಅದೇ ಮೊದಲು. ವರ್ಣಭೇದದ ಗೋಡೆಯನ್ನು ಆಟ ಒಡೆದ ದಿನವೆಂದು ಅದನ್ನು ಕೊಂಡಾಡುವವರಿದ್ದಾರೆ. ಅವರ ಸಂತೋಷ ನನಗೆ ಅರ್ಥವಾಗುತ್ತದೆ. ತೀರ್ಮಾನವನ್ನು ಮಾತ್ರ ಒಪ್ಪಲಾರೆ.

ಎದುರಾಳಿ ಡಲ್ಲಾಸ್‌ನದೇ ಆದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ. ತಾರಾ ಆಟಗಾರ ಡೋಕ್ ವಾಕರ್ ಬಲದಿಂದ ಅದು 13–0 ಮುನ್ನಡೆ ಪಡೆದಿತ್ತು. ಪೆನ್ ಸ್ಟೇಟ್ ಅಂತರವನ್ನು ತಗ್ಗಿಸಿತು. ಮೂರನೇ ಕ್ವಾರ್ಟರ್‌ನಲ್ಲಿ ಟ್ರಿಪ್ಲೆಟ್ ಎದುರಾಳಿಯ ಗೆರೆಯಾಚೆ ಚೆಂಡು ಹಿಡಿದು ಟಚ್‌ಡೌನ್ ಗಳಿಸಿದಾಗ ಅಂಕ 13–13. ಟಚ್‌ಡೌನ್ ನಂತರ ಸಿಗುವ, ಗೆಲುವಿನ ಒಂದೇ ಒಂದು ಅಂಕ ತರಬೇಕಿದ್ದ ಒದೆತ ಗುರಿ ತಪ್ಪಿತು. ಪಂದ್ಯ ಸಮವಾಯಿತು.

ಮೈದಾನದಾಚೆ ಯಾವುದೂ ಸಮವಾಗಿರಲಿಲ್ಲ. ನಗರದ ಹೋಟೆಲುಗಳು ಕಪ್ಪು, ಬಿಳಿಯ ಆಟಗಾರರನ್ನು ಒಟ್ಟಿಗೆ ಇಳಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಇಡೀ ಪೆನ್ ಸ್ಟೇಟ್ ತಂಡ ಊರಾಚೆಯ ನೌಕಾಪಡೆ ವಿಮಾನ ನೆಲೆಯಲ್ಲಿ ತಂಗಿತು. ಆಡಲು ಒಪ್ಪಿದ ಸದರ್ನ್ ಮೆಥಡಿಸ್ಟ್‌ನ ಧೈರ್ಯ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಅದು ಒಂದು ಮಧ್ಯಾಹ್ನದ ಧೈರ್ಯ.

ನನ್ನ ಮಟ್ಟಿಗೆ ದೊಡ್ಡದು 1946ರ ಘಟನೆ. ಆ ವರ್ಷ ಪೆನ್ ಸ್ಟೇಟ್ ಮಿಯಾಮಿ ವಿಶ್ವವಿದ್ಯಾಲಯದ ಎದುರು ಆಡಬೇಕಿತ್ತು. ಹಿಂದೆ ಇದೇ ಮಿಯಾಮಿ, ಟ್ರಿಪ್ಲೆಟ್ ಬಿಳಿಯನೆಂದು ಭಾವಿಸಿ ವಿದ್ಯಾರ್ಥಿವೇತನ ಕೊಡಲು ಮುಂದಾಗಿ, ಬಣ್ಣ ತಿಳಿದ ಮೇಲೆ ಹಿಂತೆಗೆದುಕೊಂಡಿತ್ತು. ಈಗ ಕಪ್ಪು ಆಟಗಾರರು ಮೈದಾನಕ್ಕೆ ಇಳಿಯಕೂಡದು ಎಂದಿತು. ಪೆನ್ ಸ್ಟೇಟ್ ಆಟಗಾರರು ಮತ ಹಾಕಿ ನಿರ್ಧರಿಸಿದರು: ಟ್ರಿಪ್ಲೆಟ್, ಹೊಗಾರ್ಡ್ ಇಲ್ಲದೆ ಯಾರೂ ಹೋಗುವುದಿಲ್ಲ. ಪಂದ್ಯ ರದ್ದಾಯಿತು. ಅಲ್ಲಿ ಚಪ್ಪಾಳೆಯಿಲ್ಲ, ಟ್ರೋಫಿಯಿಲ್ಲ. ಬಿಳಿಯ ಹುಡುಗರು ತಮ್ಮ ಆಟವನ್ನೇ ಕಳೆದುಕೊಂಡರು. ಆಡುವ ಅವಕಾಶವನ್ನು ಒಬ್ಬರು ಕೊಡಬಹುದು, ನಾಳೆ ಕಸಿದುಕೊಳ್ಳಲೂಬಹುದು. ಸಹಆಟಗಾರನಿಲ್ಲದೆ ಆಡೆನೆಂಬ ಹಟವನ್ನು ಕಸಿಯುವುದು ಹೇಗೆ?

ಕಾಟನ್ ಬೌಲ್ ಗೋಡೆ ಒಡೆದಿದ್ದರೆ ಆ ಬಿರುಕು ಮೊದಲು ಕಾಣಬೇಕಾಗಿದ್ದದ್ದು ಅಲ್ಲಿ ಆಡಿದ ಆತಿಥೇಯರ ತಂಡದಲ್ಲೇ. ಸದರ್ನ್ ಮೆಥಡಿಸ್ಟ್ ತನ್ನ ಫುಟ್‌ಬಾಲ್ ತಂಡಕ್ಕೆ ಮೊದಲ ಬಾರಿ ಒಬ್ಬ ಕಪ್ಪು ಆಟಗಾರನನ್ನು, ಜೆರಿ ಲೆವಾಯಸ್‌ನನ್ನು, ವಿದ್ಯಾರ್ಥಿವೇತನ ಕೊಟ್ಟು ಸೇರಿಸಿಕೊಂಡದ್ದು 1965ರಲ್ಲಿ.