ಜೀಪಿನ ಮುಂಗಾಲಿಯ ಜಾಯಿಂಟು: ಸಾಲ ಮಾಡುವ ಮೊದಲು ಒಂದು ಮಾತು

ಕಳೆದ ಮಾಸಿಕ ಸಭೆಯಲ್ಲಿ ಮೈಲುತುತ್ತಿನ ಧಾರಣೆಯ ಚರ್ಚೆ ಮುಗಿದ ಮೇಲೆ ಹಳ್ಳಿಹೊಳೆ, ಯಡಮೊಗೆ ಕಡೆಯ ಕೆಲವು ಯುವ ಸದಸ್ಯರು ಒಂದು ಬೇಡಿಕೆಯನ್ನು ಮುಂದಿಟ್ಟರು. ತೋಟಕ್ಕೆ ಹೋಗುವ ಫೋರ್ ವೀಲ್ ಜೀಪುಗಳ ಮುಂದಿನ ಆಕ್ಸಿಲ್‌ನ ಜಾಯಿಂಟುಗಳು ಮಳೆಗಾಲದಲ್ಲಿ ಪದೇ ಪದೇ ತುಂಡಾಗುತ್ತಿವೆ. ಈಗ ಹೆಚ್ಚು ಗಟ್ಟಿಯಾದ ಮಿಶ್ರಲೋಹದ ಸೆಟ್ ಪೇಟೆಗೆ ಬಂದಿದೆ. ಅದನ್ನು ಹಾಕಿಸಿಕೊಳ್ಳಲು ಸಂಘವು ಮಧ್ಯಮಾವಧಿ ಸಾಲ ಕೊಡಬೇಕು ಎಂಬುದು ಅವರ ಬೇಡಿಕೆ. ಆಡಳಿತ ಮಂಡಳಿ ತೀರ್ಮಾನ ಕೈಗೊಳ್ಳುವ ಮೊದಲು ಕಾರ್ಯದರ್ಶಿಯ ಅಭಿಪ್ರಾಯ ಪತ್ರಿಕೆಯಲ್ಲಿ ಬರಲಿ ಎಂದು ಸಭೆ ಸೂಚಿಸಿತು. ನಾವು ಇಂಜಿನಿಯರರಲ್ಲ, ಬಿ.ಎಸ್ಸಿ. ಓದಿ ತೋಟಕ್ಕೆ ಮರಳಿದವರು. ಆದರೂ ಮೂವತ್ತು ವರ್ಷ ಜೀಪಿನ ಮೇಲೆ ಕುಳಿತಷ್ಟೇ ಹೊತ್ತು ಅದರ ಅಡಿಯಲ್ಲಿ ಮಲಗಿಯೂ ಇದ್ದೇವೆ. ಆ ಅನುಭವದಿಂದ ಹೇಳುವುದಾದರೆ, ಗಟ್ಟಿ ಜಾಯಿಂಟಿಗಾಗಿ ಸಂಘ ಸಾಲ ಕೊಡುವುದು ಸರಿಯಲ್ಲ. ಆದರೆ ಸಂಘ ಸುಮ್ಮನಿರುವುದೂ ಸರಿಯಲ್ಲ.

ಬೇಡಿಕೆ ಹಗುರವಾದದ್ದೆಂದು ಯಾರೂ ತಿಳಿಯಬಾರದು. ಬ್ರಹ್ಮಾವರದ ಬಯಲಿನ ಸದಸ್ಯರಿಗೆ ಇದು ಅಷ್ಟಾಗಿ ತಟ್ಟದಿರಬಹುದು. ಘಟ್ಟದ ಬುಡದ ಜಡ್ಕಲ್, ಮುದೂರು, ಅಮಾಸೆಬೈಲಿನವರಿಗೆ ಜೀಪೆಂದರೆ ಗಾಡಿಯೂ ಹೌದು, ಆಂಬುಲೆನ್ಸೂ ಹೌದು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ನಮ್ಮ ಅನುಕೂಲ ನೋಡಿಕೊಂಡು ಮಾಡುವ ಕೆಲಸವಲ್ಲ. ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಆಗಲೇಬೇಕು. ಮಳೆ ಹೊಳವಾದ ಒಂದೇ ದಿನ ಕೊನೆಗಾರರು ಸಿಕ್ಕಿ, ಜೀಪು ಅರ್ಧ ಏರಿನಲ್ಲಿ ಅಡ್ಡ ನಿಂತರೆ ಆ ವರ್ಷದ ಫಸಲಿನ ಒಂದು ಭಾಗ ನೆಲದ ಪಾಲು.

ಮೊದಲು ಈ ಜಾಯಿಂಟು ಮಾಡುವ ಕೆಲಸವನ್ನು ನೋಡೋಣ. ಹಿಂದಿನ ಗಾಲಿಗೆ ತಿರುಗುವುದೊಂದೇ ಕೆಲಸ. ಮುಂದಿನ ಗಾಲಿಗೆ ಎಳೆಯುವುದೂ ಇದೆ, ಎಡಬಲಕ್ಕೆ ಹೊರಳುವುದೂ ಇದೆ. ಆದ್ದರಿಂದ ಶಾಫ್ಟಿನ ನಡುವೆ ನಮ್ಮ ಮೊಣಕೈಯಂತೆ ಒಂದು ಕೀಲು ಬೇಕು. ಗ್ಯಾರೇಜಿನವರು ಕ್ರಾಸ್ ಎನ್ನುವ ಸಾಮಾನ್ಯ ಜಾಯಿಂಟು ನೇರ ಇರುವಾಗ ಗಟ್ಟಿಮುಟ್ಟು. ಹೊರಳಿದಾಗ ಅದರ ದೋಷ ಕಾಣುತ್ತದೆ. ಗಾಲಿ 30 ಡಿಗ್ರಿ ಹೊರಳಿದ್ದಾಗ ಶಾಫ್ಟು 100ರ ವೇಗದಲ್ಲಿ ತಿರುಗಿದರೆ, ಗಾಲಿಯ ವೇಗ ಪ್ರತಿ ಸುತ್ತಿನಲ್ಲಿ ಎರಡು ಸಲ ಸುಮಾರು 87ಕ್ಕೆ ಇಳಿದು, ಎರಡು ಸಲ 115ಕ್ಕೆ ಏರುತ್ತದೆ. ಸ್ಟೀರಿಂಗ್ ಪೂರ್ತಿ ಎಳೆದು ಏರು ಹತ್ತುವಾಗ ಕೈಗೆ ಬರುವ ಕುಲುಕು ಇದೇ. ಈ ದೋಷ ನೀಗಲೆಂದು 1920ರ ದಶಕದಲ್ಲಿ ಅಮೆರಿಕದಲ್ಲಿ ಝೆಪ್ಪಾ, ಫ್ರಾನ್ಸಿನಲ್ಲಿ ಟ್ರ್ಯಾಕ್ಟಾ ಎಂಬ ಸಮವೇಗದ ಜಾಯಿಂಟುಗಳು ಹುಟ್ಟಿದವು. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪುಗಳಲ್ಲಿ ಇವೆರಡಲ್ಲದೆ ಬೆಂಡಿಕ್ಸ್, ಸ್ಪೈಸರ್ ಬಗೆಯವೂ ಇದ್ದವು. ಮಾರುತಿ ಜಿಪ್ಸಿಯಲ್ಲಿದ್ದದ್ದು ಝೆಪ್ಪಾ ಕುಲದ್ದೇ ಆದ, ಗುಂಡುಗಳಿರುವ ಬರ್ಫೀಲ್ಡ್ ಜಾಯಿಂಟು. ಇವು ಸಮನಾಗಿ ತಿರುಗುತ್ತವೆ ನಿಜ, ಆದರೆ ಯಾವ ಜಾಯಿಂಟಾದರೂ ಪೂರ್ತಿ ಹೊರಳಿದ ಸ್ಥಿತಿಯಲ್ಲಿಯೇ ಅತಿ ದುರ್ಬಲ.

ಇನ್ನು ಅದರ ಮೇಲೆ ಬೀಳುವ ಬಲ. ಹಳೆಯ ಸಿ.ಜೆ. 3ಬಿ ಜೀಪಿನಲ್ಲಿ ಒಂದನೆಯ ಗೇರು ಸುಮಾರು 2.8, ಲೋ ಗೇರು ಸುಮಾರು 2.46, ಆಕ್ಸಿಲ್‌ನ ಕ್ರೌನ್-ಪಿನಿಯನ್ 5.38. ಗುಣಿಸಿದರೆ 37 ಬರುತ್ತದೆ. ಇಂಜಿನ್ನಿನ ತಿರುಚುಬಲ 37 ಪಟ್ಟಾಗಿ ಗಾಲಿಗಳಿಗೆ ಹಂಚಿಹೋಗುತ್ತದೆ. ಕಾರ್ಖಾನೆಯವರು ಇದನ್ನು ಲೆಕ್ಕ ಹಾಕಿಯೇ ಜಾಯಿಂಟು ಕೊಟ್ಟಿರುತ್ತಾರೆ. ಆ ಲೆಕ್ಕ ತಪ್ಪಿಸುವವರು ನಾವು. 28 ಅಂಗುಲದ ಟೈರು ತೆಗೆದು 31 ಅಂಗುಲದ್ದು ಹಾಕಿದರೆ, ಅದೇ ಹಿಡಿತಕ್ಕೆ ಜಾಯಿಂಟಿನ ಮೇಲಿನ ಒತ್ತಡ ನೂರಕ್ಕೆ ಸುಮಾರು ಹನ್ನೊಂದರಷ್ಟು ಏರುತ್ತದೆ. ಮುಂದಿನ ಡಿಫರೆನ್ಶಿಯಲ್‌ಗೆ ಲಾಕ್ ಕೂರಿಸಿದರೆ, ಇಬ್ಬರು ಹೊರುತ್ತಿದ್ದ ಹೊರೆ ಎಷ್ಟೋ ಸಲ ಒಬ್ಬನ ತಲೆಗೇ ಬೀಳುತ್ತದೆ.

ಇದಕ್ಕಿಂತ ಹೆಚ್ಚಿನ ಕೆಡುಕು ನಮ್ಮ ಓಡಿಸುವ ಕ್ರಮದಲ್ಲಿದೆ. ಹಲವು ತೋಟದ ದಾರಿಗಳ ಕಡಿದಾದ ಏರಿಗೆ ಈಗ ಕಾಂಕ್ರೀಟು ಬಂದಿದೆ. ಕೆಳಗಿನ ಕೆಸರಿನಲ್ಲಿ ಹಾಕಿದ ಫೋರ್ ವೀಲನ್ನು ಕಾಂಕ್ರೀಟಿನ ಮೇಲೂ ತೆಗೆಯುವುದಿಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ಕೆಸರಿನಲ್ಲಿ ಗಾಲಿ ಜಾರಿ ಈ ವ್ಯತ್ಯಾಸ ತೀರುತ್ತದೆ. ಕಾಂಕ್ರೀಟಿನಲ್ಲಿ ಜಾರಲು ಎಡೆಯಿಲ್ಲ, ಬಲವೆಲ್ಲ ಶಾಫ್ಟಿನಲ್ಲೇ ಸಿಕ್ಕಿಕೊಂಡು ಜಾಯಿಂಟನ್ನು ಹಿಂಡುತ್ತದೆ. ಸ್ಟೀರಿಂಗ್ ಎಳೆದಿಟ್ಟು ರಿವರ್ಸಿನಲ್ಲಿ ಏರು ಹತ್ತಿಸುವುದು, ಶೇಡಿ ಮಣ್ಣಿನಲ್ಲಿ ಗಾಲಿಯನ್ನು ಬುರ್ರನೆ ತಿರುಗಲು ಬಿಟ್ಟು ಒಮ್ಮೆಲೇ ಕಲ್ಲಿಗೆ ಕಚ್ಚಿಸುವುದು, ಇವೂ ಇದೇ ಜಾತಿಯವು. ಕೊಲ್ಲೂರಿನಿಂದ ಕೊಡಚಾದ್ರಿಗೆ ಯಾತ್ರಿಕರನ್ನು ಒಯ್ಯುವ ಜೀಪಿನವರನ್ನು ಒಮ್ಮೆ ಗಮನಿಸಿ. 1,343 ಮೀಟರಿನ ಆ ಬೆಟ್ಟದ ಕೊರಕಲು ದಾರಿಯಲ್ಲಿ ನುರಿತವನು ಏಕ್ಸಲರೇಟರ್ ಒತ್ತುವುದು ಎಷ್ಟು ಕಡಿಮೆ! ಗಾಲಿ ಜಾರಿದೊಡನೆ ಕಾಲು ಎತ್ತಿ, ಸ್ಟೀರಿಂಗ್ ನೇರ ಮಾಡಿ, ಆಮೇಲೆ ಏರಿಸುತ್ತಾನೆ.

ನಮ್ಮದೇ ಕಥೆ ಹೇಳುತ್ತೇವೆ, ನಗುವವರು ನಗಲಿ. ಏಳೆಂಟು ವರ್ಷದ ಹಿಂದಿನ ಆಷಾಢ. ಎರಡು ಡ್ರಮ್ಮು ಬೋರ್ಡೋ, ಅಂದರೆ ನಾಲ್ಕು ಕ್ವಿಂಟಾಲಿಗೂ ಮೀರಿದ ಭಾರ ಹೇರಿಕೊಂಡು ಏರಿನ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ಎಳೆದೆವು. ಟಣ್ಣೆಂದಿತು. ಬಲಗಡೆಯ ಜಾಯಿಂಟು ಎರಡು ಹೋಳು. ಪೇಟೆಯ ಒಂದು ಗ್ಯಾರೇಜಿನಲ್ಲಿ, ಇನ್ನು ಜನ್ಮದಲ್ಲಿ ತುಂಡಾಗದೆಂಬ ಭರವಸೆಯೊಂದಿಗೆ ಗಟ್ಟಿ ಶಾಫ್ಟು ಹಾಕಿಸಿಕೊಂಡು ಬಂದೆವು. ಭರವಸೆ ಸುಳ್ಳಾಗಲಿಲ್ಲ. ಮರುವರ್ಷ ಅದೇ ತಿರುವಿನಲ್ಲಿ ಪಿನಿಯನ್ನಿನ ಹಲ್ಲುಗಳು ಉದುರಿದವು, ಜಾಯಿಂಟು ಮಾತ್ರ ಹೊಳೆಯುತ್ತ ಕುಳಿತಿತ್ತು. ಮೊದಲಿನ ರಿಪೇರಿಯ ಮೂರು ಪಟ್ಟು ಖರ್ಚು ತಗಲಿತು. ಪೂರ್ತಿ ಬಿಚ್ಚಿಸಿದಾಗ ನಿಜ ಸಂಗತಿ ಹೊರಬಿತ್ತು: ಕಿಂಗ್ ಪಿನ್ನಿನ ಬೇರಿಂಗು ಎಂದೋ ಸವೆದಿತ್ತು, ಸೀಲು ಹರಿದು ಹೊಳೆಯ ನೀರು ಒಳಹೊಕ್ಕು ಗ್ರೀಸೆಲ್ಲ ಮಜ್ಜಿಗೆಯಾಗಿತ್ತು. ಅದನ್ನು ಯಾರೂ ನೋಡಿರಲಿಲ್ಲ, ನಾವೂ ನೋಡಿರಲಿಲ್ಲ. ಕರೆಂಟಿನ ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟಿದಂತಾಗಿತ್ತು ನಮ್ಮ ಕೆಲಸ.

ಹಾಗೆಂದು ಬದಲಾವಣೆಯೇ ಬೇಡವೆಂಬ ಹಟ ನಮಗಿಲ್ಲ. ಬೆಂಡಿಕ್ಸ್ ಬಗೆಯ ಜಾಯಿಂಟಿನ ಗುಂಡುಗಳೂ ಅವು ಓಡುವ ಗಾಡಿಗಳೂ ಸವೆದಿದ್ದರೆ ಅದಕ್ಕೆ ತೇಪೆ ಹಾಕುತ್ತ ಕೂರುವುದು ವ್ಯರ್ಥ. ಆ ಆಕ್ಸಿಲ್‌ಗೆ ಹೊಂದುವ ಕ್ರಾಸ್ ಬಗೆಯ ಶಾಫ್ಟಿಗೆ ಬದಲಿಸಿಕೊಳ್ಳುವುದೇ ಲೇಸು. ಆದರೆ ಎರಡೂ ಕಡೆ, ಬೇರಿಂಗು ಸೀಲುಗಳ ಸಮೇತ ಮಾಡಬೇಕು. ಮೂಲ ಇಂಜಿನ್ ಬದಲಿಸಿ ದೊಡ್ಡ ಡೀಸೆಲ್ ಕೂರಿಸಿದವರ ವಿಷಯ ಬೇರೆ. ಅವರು ಜಾಯಿಂಟಿನ ಚಿಂತೆಗೆ ಮುನ್ನ ಆರ್.ಸಿ. ಪುಸ್ತಕದ ಚಿಂತೆ ಮಾಡಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಕಾರ್ಖಾನೆಯ ಮೂಲ ವಿವರಗಳನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಮೊದಲು ಕೇಳುವ ಪ್ರಶ್ನೆಯೂ ಅದೇ. 2020ರ ನಂತರದ ಥಾರ್ ಕೊಂಡ ಸದಸ್ಯರಿಗೆ ಮುಂದಿನ ಇಡಿಯ ಆಕ್ಸಿಲೇ ಇಲ್ಲ, ಗಾಲಿಗಳೆರಡೂ ಪ್ರತ್ಯೇಕ. ಅವರು ರಬ್ಬರ್ ಬೂಟು ಹರಿಯದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಆದ್ದರಿಂದ ಆಡಳಿತ ಮಂಡಳಿಗೆ ನಮ್ಮ ಸಲಹೆ ಇಷ್ಟು. ಸಾಲದ ಬದಲು ಸಂಘವೇ ಕ್ರಾಸು, ನಕಲ್ ಸೀಲು, ಕಿಂಗ್ ಪಿನ್ ಬೇರಿಂಗು, ಬೂಟು, ಒಳ್ಳೆಯ ಗ್ರೀಸುಗಳನ್ನು ಮೈಲುತುತ್ತಿನಂತೆಯೇ ಸಗಟಿನಲ್ಲಿ ತರಿಸಿ ಕೊಂಡ ದರಕ್ಕೆ ಸದಸ್ಯರಿಗೆ ಕೊಡಲಿ. ರೋಹಿಣಿ ಮಳೆಗೆ ಮುಂಚೆ ಕುಂದಾಪುರ, ಬೈಂದೂರು ಎರಡೂ ಕಡೆ ಒಂದೊಂದು ದಿನ ತಪಾಸಣೆ ಇಟ್ಟು, ಗಾಲಿ ಎತ್ತಿ ಅಲುಗಿಸಿ ನೋಡುವ ವ್ಯವಸ್ಥೆಯಾಗಲಿ. ಇಷ್ಟಕ್ಕೆ ಸದಸ್ಯರ ನೆರವೂ ಬೇಕು. ಯಾರ ಜೀಪಿನಲ್ಲಿ ಯಾವ ಬಗೆಯ ಜಾಯಿಂಟಿದೆ ಎಂಬುದು ತಿಳಿಯದೆ ಮಾಲು ತರಿಸಲಾಗದು. ಮುಂದಿನ ಸಭೆಗೆ ಬರುವಾಗ ಗಾಡಿಯ ಮಾದರಿ, ವರ್ಷ ಬರೆದು ತನ್ನಿ. ಹಿತ್ತಿಲಿನಲ್ಲಿ ತುಂಡಾದ ಶಾಫ್ಟು ಬಿದ್ದಿದ್ದರೆ ಗುಜರಿಗೆ ಹಾಕಬೇಡಿ, ಅದನ್ನೂ ಚೀಲದಲ್ಲಿ ಹಾಕಿಕೊಂಡು ಕಛೇರಿಗೆ ಬನ್ನಿ.