ಹೊಟ್ಟೆ ಸೋಂಕಿನ ಮಾತ್ರೆ ಮುಗಿಯಿತು, ಇನ್ನು ಕುಡಿಯಬಹುದೇ?

"ಆ್ಯಂಟಿಬಯಾಟಿಕ್ ತಗೊಂಡ ಮೇಲೆ ತಿಂಗಳುಗಟ್ಟಲೆ ಮದ್ಯ ಮುಟ್ಟಬೇಡಿ, ಪ್ರಾಣಕ್ಕೇ ಅಪಾಯ!" ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದರ ಕೆಳಗೇ ಯಾರೋ "ಒಂದು ಬಿಯರಿಗೆ ಏನೂ ಆಗಲ್ಲ" ಅಂದಿರುತ್ತಾರೆ. ಇಬ್ಬರೂ ಮಾತ್ರೆಯ ಹೆಸರನ್ನೇ ಕೇಳಿಲ್ಲ.

ಎಲ್ಲವೂ ನಿಂತಿರುವುದು ಆ ಹೆಸರಿನ ಮೇಲೆ. ಆಮಶಂಕೆಯಂಥ ಸೋಂಕಿಗೆ ಕೊಡುವ ಮಾತ್ರೆಗಳಲ್ಲಿ ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್ ಇರುವುದು ಸಾಮಾನ್ಯ. ಕೆಲವೊಮ್ಮೆ ಇನ್ನೊಂದು ಔಷಧದ ಜೊತೆ ಸೇರಿಕೊಂಡಿರುತ್ತದೆ, ಆದ್ದರಿಂದ ಬ್ರ್ಯಾಂಡ್ ಹೆಸರಲ್ಲ, ಸ್ಟ್ರಿಪ್ ಮೇಲಿನ ಸಣ್ಣಕ್ಷರ ಓದಿ. ಇವುಗಳ ಜೊತೆ ಮದ್ಯ ಸೇರಿದರೆ ಮುಖ ಕೆಂಪಾಗುವುದು, ವಾಂತಿ, ತಲೆನೋವು, ಎದೆ ಡವಡವ ಆಗಬಹುದೆಂಬ ಎಚ್ಚರಿಕೆ ಇದೆ. ಅಮಾಕ್ಸಿಸಿಲಿನ್‌ಗೆ ಇಂಥ ಎಚ್ಚರಿಕೆ ಇಲ್ಲ.

ಎಷ್ಟು ದಿನ ಕಾಯಬೇಕು? ಮೆಟ್ರೊನಿಡಜೋಲ್‌ಗೆ ಕೊನೆಯ ಮಾತ್ರೆಯ ನಂತರ 2ರಿಂದ 3 ದಿನ, ಟಿನಿಡಜೋಲ್‌ಗೆ 3 ದಿನ. ಈ ಲೆಕ್ಕಕ್ಕೆ ಕಾರಣವಿದೆ. ರಕ್ತದಲ್ಲಿರುವ ಮೆಟ್ರೊನಿಡಜೋಲ್ ಸುಮಾರು 8 ಗಂಟೆಗೊಮ್ಮೆ ಅರ್ಧವಾಗುತ್ತದೆ. ಐದು ಸಲ ಅರ್ಧವಾದರೆ, ಅಂದರೆ 40 ಗಂಟೆಗೆ, ಉಳಿಯುವುದು ಶೇ. 3ರಷ್ಟು. ಟಿನಿಡಜೋಲ್ ನಿಧಾನಿ, ಅರ್ಧವಾಗಲು 12-14 ಗಂಟೆ ಬೇಕು. ಲಿವರ್ ತೊಂದರೆ ಇದ್ದವರಲ್ಲಿ ಇನ್ನೂ ತಡ.

ನಿಜ ಹೇಳಬೇಕೆಂದರೆ ಈ ಎಚ್ಚರಿಕೆಯ ಬಗ್ಗೆಯೇ ತಕರಾರಿದೆ. 2002ರಲ್ಲಿ ಫಿನ್ಲೆಂಡಿನ ಸಂಶೋಧಕರು 12 ಆರೋಗ್ಯವಂತ ಗಂಡಸರ ಮೇಲೆ ಪರೀಕ್ಷಿಸಿದಾಗ ಮೆಟ್ರೊನಿಡಜೋಲ್ ಮತ್ತು ಮದ್ಯ ಸೇರಿ ಅಂಥ ಪ್ರತಿಕ್ರಿಯೆ ಕಾಣಲಿಲ್ಲ. ಆದರೆ ಅವರು ಭೇದಿಯಾಗಿ ನೀರು ಕಳೆದುಕೊಂಡವರಲ್ಲ. ಮದ್ಯ ಮೂತ್ರ ಹೆಚ್ಚಿಸಿ ಇನ್ನಷ್ಟು ನೀರು ಹೊರಹಾಕುತ್ತದೆ, ಕೆರಳಿದ ಹೊಟ್ಟೆಯನ್ನು ಮತ್ತೆ ಕೆರಳಿಸುತ್ತದೆ. ಮೂರು ದಿನ ಕಾಯುವುದೇನೂ ಕಷ್ಟವಲ್ಲ.

ನನ್ನ ಪ್ರಕಾರ ಹೆಚ್ಚು ಹಾನಿ ಮಾಡುವುದು ಇನ್ನೊಂದು ಅಭ್ಯಾಸ: ಮದುವೆ ಪಾರ್ಟಿ ಇದೆಯೆಂದು ಅಂದಿನ ಮಾತ್ರೆಯನ್ನೇ ಬಿಡುವುದು. ಒಂದು ಹೊತ್ತು ಬಿಟ್ಟರೆ ಔಷಧ ಮೈಯಿಂದ ಪೂರ್ತಿ ಹೋಗುವುದಿಲ್ಲ, ಸೋಂಕೂ ಉಳಿದುಬಿಡಬಹುದು. ಬಿಡುವುದಾದರೆ ಪೆಗ್ ಬಿಡಿ. ಗೊತ್ತಿಲ್ಲದೆ ಕುಡಿದಿದ್ದರೂ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ಫೋನ್ ಮಾಡಿ. ಉಸಿರಾಟಕ್ಕೆ ಕಷ್ಟ, ಎದೆನೋವು, ತಲೆಸುತ್ತಿ ಬೀಳುವುದು ಇದ್ದರೆ ನೇರ ಆಸ್ಪತ್ರೆಗೆ ಹೋಗಿ.

"ನಮ್ಮ ಮನೇಲಿ ಯಾರೂ ಕುಡಿಯಲ್ಲ" ಎನ್ನುವವರೂ ಒಮ್ಮೆ ಕಪಾಟು ನೋಡಿ. ದಶಮೂಲಾರಿಷ್ಟದಂಥ ಅರಿಷ್ಟಗಳು ಹುದುಗಿಸಿ ಮಾಡಿದವು, ಅವುಗಳಲ್ಲಿ ಮದ್ಯಸಾರ ತಾನಾಗಿಯೇ ಹುಟ್ಟಿರುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಇರುತ್ತದೆ. ಅಜ್ಜಿಗೆ ಭೇದಿ ಮಾತ್ರೆ ಬರೆಸುವಾಗ ಆ ಬಾಟಲಿಯನ್ನೂ ವೈದ್ಯರಿಗೆ ತೋರಿಸಿ.