ವಾಡಿಯಿಂದ ಬಂದ ಹಳಿ



ಗಚ್ಚಿಬೌಲಿಯಲ್ಲಿ ಕೆಲಸ ಮಾಡುವ ನಿಮ್ಮಲ್ಲಿ ಹಲವರು ಲಿಂಗಂಪಲ್ಲಿಯಲ್ಲಿ ರೈಲು ಹತ್ತುತ್ತೀರಿ. ಆ ಹಳಿ ನಮ್ಮ ಕಲಬುರಗಿ ಜಿಲ್ಲೆಯ ವಾಡಿಯಿಂದ ಬಂದದ್ದೆಂದು ಬಲ್ಲಿರಾ?

ಮುಂಬಯಿ ಮತ್ತು ಮದ್ರಾಸಿನ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಸಿಕಂದರಾಬಾದಿನ ದಂಡಿಗೆ ಸೈನಿಕರನ್ನು ಬೇಗ ಸಾಗಿಸಬೇಕೆಂಬುದು ಬ್ರಿಟಿಷರ ಅವಸರ. ಹಣ ಮಾತ್ರ ನಿಜಾಮ ಸರ್ಕಾರದ್ದು! ದಿವಾನ ಸಾಲಾರ್ ಜಂಗರ ಕಾಲದಲ್ಲಿ, 1874ರಲ್ಲಿ, ವಾಡಿ–ಸಿಕಂದರಾಬಾದ್ ಮಾರ್ಗ ತೆರೆಯಿತು. ಚಿತ್ತಾಪುರ, ಸೇಡಂ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ಎಲ್ಲವೂ ಈ ದಾರಿಯಲ್ಲೇ ಇವೆ.

ದಂಡಿಗಾಗಿ ಹಾಕಿದ ಹಳಿ ಜನರ ದಾರಿಯಾಯಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾದ ಮೇಲೆ ನಮ್ಮ ಕಡೆಯ ಹುಡುಗರು ಇದೇ ದಾರಿ ಹಿಡಿದು ಓದಲು ಬಂದರು.

1948ರಲ್ಲಿ ರೈಲು ಹತ್ತುವುದೇ ಭಯವಾಯಿತು. ಮೇ 22ರಂದು ಕಲಬುರಗಿ ಸೀಮೆಯ ಗಾಣಗಾಪುರ ನಿಲ್ದಾಣದಲ್ಲಿ ರಜಾಕಾರರು ಪ್ರಯಾಣಿಕರ ಮೇಲೆ ಎರಗಿದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಹೊಕ್ಕಿತು. 17ಕ್ಕೆ ನಿಜಾಮರು ಶರಣಾದರು. ಅವರ ರೈಲ್ವೆ 1951ರಲ್ಲಿ ಮಧ್ಯ ರೈಲ್ವೆಗೆ ಸೇರಿತು. 1966ರಲ್ಲಿ ಸಿಕಂದರಾಬಾದೇ ಹೊಸ ದಕ್ಷಿಣ ಮಧ್ಯ ರೈಲ್ವೆಯ ಕೇಂದ್ರವಾಯಿತು.

1956ರಲ್ಲಿ ಸೇಡಂಗೂ ತಾಂಡೂರಿಗೂ ನಡುವೆ ರಾಜ್ಯದ ಗಡಿ ಬಿತ್ತು. ಹಳಿ ತುಂಡಾಗಲಿಲ್ಲ. ಅಲ್ಲಿಯವರೆಗೆ ಕಲಬುರಗಿ, ಬೀದರ, ರಾಯಚೂರಿನವರಿಗೆ ಹೈದರಾಬಾದೇ ರಾಜಧಾನಿ. ಆದ್ದರಿಂದ ಈ ಊರಲ್ಲಿ ನಾವು ನೆಂಟರಲ್ಲ, ಹಳೆಯ ಮನೆಯವರು. ನಿಮ್ಮ ಅಜ್ಜ-ಅಜ್ಜಿಯರಲ್ಲಿ ಆ ರೈಲಿನ ನೆನಪಿದ್ದರೆ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.